ಮೀಸಲಿನ ಅಂಕಿ ಓದುತ್ತಿದ್ದ ಇದ್ರೀಸ್‌ಬೇ

ನಮ್ಮ ದ್ವೀಪದೇಶದ ರಾಜಧಾನಿ ಮಾಲೆಯ ಮಾಫನ್ನು ಕೇರಿಯಲ್ಲಿ ನಾನು ಬಹಳ ವರ್ಷ ಬಾಡಿಗೆಗಿದ್ದ ಮನೆ ಇದ್ರೀಸ್ ಮನಿಕು ಅವರದು. ಕೇರಿಯವರ ಬಾಯಲ್ಲಿ ಅವರು ಇದ್ರೀಸ್‌ಬೇ, ಎಂದರೆ ಇದ್ರೀಸಣ್ಣ. ಕೆಳಗೆ ಅವರೂ ಅವರ ಹೆಂಡತಿ ಸಫಿಯಾದಾತ್ತ, ಎಂದರೆ ಸಫಿಯಕ್ಕನೂ ಇರುತ್ತಿದ್ದರು. ಮೇಲಿನ ಕೋಣೆ ನನ್ನದು. ನಾನು ದಿನಾ ಬೆಳಿಗ್ಗೆ ದೋಣಿ ಹಿಡಿದು ಎದುರಿನ ದ್ವೀಪ ವಿಲಿಮಾಲೆಯ ಶಾಲೆಗೆ ಹೋಗಿ ಹತ್ತನೆಯ ತರಗತಿಗೆ ವಾಣಿಜ್ಯಶಾಸ್ತ್ರ ಹೇಳಿಕೊಡುತ್ತಿದ್ದೆ.

ದೇಶದ ವಿದೇಶಿ ಹಣದ ಮೀಸಲನ್ನು ಕಾಯುವ ಕಚೇರಿಯಲ್ಲಿ ಇದ್ರೀಸ್‌ಬೇಗೆ ಕೆಲಸ. ಕಾರಕೂನನಾಗಿ ಸೇರಿದವರು ನಿಧಾನಕ್ಕೆ ಮೇಲೇರಿ, ತಿಂಗಳಿಗೊಮ್ಮೆ ಟೀವಿಯಲ್ಲಿ ಕೂತು ಮೀಸಲು ಎಷ್ಟಿದೆ, ಏರಿತೋ ಇಳಿಯಿತೋ ಎಂದು ಜನಕ್ಕೆ ಓದಿ ಹೇಳುವವರಾಗಿದ್ದರು. ನಮ್ಮ ದ್ವೀಪಗಳಲ್ಲಿ ತೆಂಗು ಮತ್ತು ಮೀನು ಬಿಟ್ಟರೆ ಮಿಕ್ಕಿದ್ದೆಲ್ಲ ಹಡಗಿನಲ್ಲೇ ಬರಬೇಕು. ಹಾಗಾಗಿ ಆ ಅಂಕಿಯನ್ನು ಇಲ್ಲಿಯ ಜನ ಹವಾಮಾನದ ಸುದ್ದಿಯ ಹಾಗೆ ಕಿವಿಗೊಟ್ಟು ಕೇಳುತ್ತಾರೆ. ಅವರು ಬೀದಿಯಲ್ಲಿ ನಡೆದರೆ ಚಹಾದಂಗಡಿಯೊಳಗಿಂದ ಯಾರಾದರೂ ಕೆಣಕದೆ ಬಿಡುತ್ತಿರಲಿಲ್ಲ.

"ಇದ್ರೀಸ್‌ಬೇ, ಬರೋ ತಿಂಗಳು ಅಕ್ಕಿ ತರಿಸ್ತೀರೋ, ಗಾಳಿ ಕುಡ್ಕೊಂಡಿರಿ ಅಂತೀರೋ?"

"ಅಕ್ಕಿ ಬರುತ್ತೆ, ನೀನು ಮೊದಲು ಆ ಸಿಗರೇಟು ಬಿಡು. ಅದೂ ಡಾಲರ್ ಕೊಟ್ಟೇ ತರಿಸೋದು" ಎಂದು ಹೇಳಿ ಅವರು ಮುಂದೆ ಹೋಗುತ್ತಿದ್ದರು. ಒಳಗೆ ನಗು ಏಳುತ್ತಿತ್ತು. ಆ ಸಲಿಗೆ ಅವರಿಗೆ ಇಷ್ಟವೇ ಇತ್ತು.

ಆ ಕೆಲಸದ ಮೇಲೆ ಅವರಿಗಿದ್ದ ಶ್ರದ್ಧೆಗೆ ಕಾರಣ ಬೇರೆಯೇ ಇತ್ತು. ಅವರು ಹುಟ್ಟಿದ್ದು ಉತ್ತರದ ಕುಳುದುಫುಶಿ ದ್ವೀಪದಲ್ಲಿ. ತಂದೆ ಟ್ಯೂನಾ ಮೀನನ್ನು ಬೇಯಿಸಿ, ಹೊಗೆಗೊಡ್ಡಿ, ಕೊರಡಿನ ಹಾಗೆ ಒಣಗಿಸಿ ಕೊಲಂಬೊಗೆ ಕಳಿಸುತ್ತಿದ್ದರು. ಆಗ ದೇಶಕ್ಕೆ ಬರುತ್ತಿದ್ದ ಹೊರಗಿನ ಹಣವೆಂದರೆ ಹೆಚ್ಚುಕಡಿಮೆ ಆ ಮೀನೇ. ಇದ್ರೀಸ್ ಚಿಕ್ಕವರಿದ್ದಾಗ ಒಂದು ವರ್ಷ ಸಿಂಹಳದವರಲ್ಲಿ ವಿದೇಶಿ ಹಣ ಬರಿದಾಗಿ, ಅವರು ಮೀನು ಕೊಳ್ಳುವುದನ್ನೇ ನಿಲ್ಲಿಸಿದರು. ತಂದೆಯ ಕೊಟ್ಟಿಗೆಯಲ್ಲಿ ಮೀನು ಹುಳ ಹಿಡಿಯಿತು. ಕೊಲಂಬೊದ ಅಕ್ಕಿ ಬರಲಿಲ್ಲ. ಮನೆಮಂದಿ ಜೀಗುಜ್ಜೆ, ಕೆಸುವಿನ ಗೆಡ್ಡೆ ತಿಂದು ದಿನ ದೂಡಿದರು. "ಅಲ್ಲಿ ಯಾರದೋ ಪೆಟ್ಟಿಗೆ ಖಾಲಿಯಾದ್ರೆ ಇಲ್ಲಿ ನಮ್ಮ ಒಲೆ ಆರುತ್ತೆ" ಎಂದು ತಾಯಿ ಹೇಳಿದ್ದನ್ನು ಅವರು ನನಗೆ ಎಷ್ಟೋ ಸಲ ಹೇಳಿದ್ದರು.

ಆಮೇಲೆ ಪ್ರವಾಸಿಗಳು ಬಂದರು. ದ್ವೀಪಕ್ಕೊಂದು ಹೋಟೆಲಾಯಿತು, ಡಾಲರು ಬಂತು. ಸುನಾಮಿ ಬಂದಾಗ ಮೀಸಲು ಕರಗಿತು, ಮತ್ತೆ ತುಂಬಿತು. ಕೊರೊನಾ ಕಾಲದಲ್ಲಿ ವಿಮಾನವೇ ಇಳಿಯದೆ ಕರಗಿತು, ಮತ್ತೆ ಒಂದಿಷ್ಟು ತುಂಬಿತು. ಈ ಏರಿಳಿತವನ್ನೆಲ್ಲ ಇದ್ರೀಸ್‌ಬೇ ಸ್ವಂತ ಮೈಯ ಜ್ವರದ ಹಾಗೆ ನೆನಪಿಟ್ಟಿದ್ದರು. ಬಂದ ಡಾಲರನ್ನು ಜನ ಬ್ಯಾಂಕಿಗೆ ಕೊಡದೆ ಮನೆಯಲ್ಲಿ ಬಚ್ಚಿಟ್ಟುಕೊಂಡು ಕಳ್ಳಬೆಲೆಗೆ ಮಾರುತ್ತಾರೆ ಎಂಬ ಮಾತು ಬಂದರೆ ಸಾಕು, ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಬ್ಯಾಂಕಿನ ದರ ಡಾಲರಿಗೆ ಹದಿನೈದೂವರೆ ರೂಫಿಯಾದ ಒಳಗೇ ಇತ್ತು. ಬೀದಿಯಲ್ಲಿ ಹದಿನೆಂಟಕ್ಕೆ ಕಮ್ಮಿ ಸಿಗುತ್ತಿರಲಿಲ್ಲ. "ಹಂಗೆ ಮಾರೋರು ನೆರೆಮನೆಯ ತಟ್ಟೆಯಿಂದ ಅನ್ನ ಎತ್ಕೊಂಡ ಹಾಗೆ" ಎನ್ನುತ್ತಿದ್ದರು.

ಸಫಿಯಾದಾತ್ತ ಹೊಲಿಗೆ ಮಾಡುತ್ತಿದ್ದರು. ಮಧ್ಯಾಹ್ನದ ಹೊತ್ತು ಹೆಂಗಸರು ಬರುತ್ತಿದ್ದರು, ಹೋಗುತ್ತಿದ್ದರು. ಬಟ್ಟೆಗೆ ಬರುತ್ತಾರೆ ಎಂದೇ ನಾನು ತಿಳಿದಿದ್ದೆ. ಅವರ ತಮ್ಮ ನಿಹಾದ್ ಒಂದು ದೊಡ್ಡ ಹೋಟೆಲ್ ದ್ವೀಪದಲ್ಲಿ ಪರಿಚಾರಕ. ರಜೆಗೆ ಬಂದಾಗಲೆಲ್ಲ ಅಕ್ಕನ ಮನೆಯಲ್ಲಿ ಉಳಿಯುತ್ತಿದ್ದ. ಒಬ್ಬಳೇ ಮಗಳು ಲೀನಾ ಕೌಲಾಲಂಪುರದಲ್ಲಿ ಔಷಧಶಾಸ್ತ್ರ ಓದುತ್ತಿದ್ದಳು. ಅವಳ ಮಾತೆತ್ತಿದರೆ ಇದ್ರೀಸ್‌ಬೇ ಮುಖ ಅರಳುತ್ತಿತ್ತು.

ಮುಂದಿನದು ನಡೆದದ್ದು ಮೀಸಲು ತಳ ಕಂಡ ವರ್ಷ. ಬ್ಯಾಂಕಿನ ಮುಂದೆ ಸಾಲು ಬೆಳೆಯಿತು. ಆಸ್ಪತ್ರೆಗೆಂದು ಹೊರದೇಶಕ್ಕೆ ಹೋಗುವವರಿಗೂ ಬೇಕಾದಷ್ಟು ಡಾಲರು ಸಿಗಲಿಲ್ಲ. ಟೀವಿಯವರು ಎರಡೆರಡು ಅಂಕಿ ಕೇಳತೊಡಗಿದರು: ಒಟ್ಟು ಮೀಸಲು ಎಷ್ಟು, ಅದರಲ್ಲಿ ನಿಜವಾಗಿ ಕೈಗೆ ಸಿಗುವುದು ಎಷ್ಟು. ಮೊದಲನೆಯದು ಓದುವಾಗ ಇದ್ರೀಸ್‌ಬೇ ದನಿ ಗಟ್ಟಿಯಾಗಿರುತ್ತಿತ್ತು, ಎರಡನೆಯದಕ್ಕೆ ಬಂದಾಗ ನೀರು ಕುಡಿಯುತ್ತಿದ್ದರು.

ರಂಜಾನಿಗೆ ಸ್ವಲ್ಪ ಮುಂಚೆ ಒಂದು ಶುಕ್ರವಾರ. ಸಂಜೆ ನಾನು ಮೆಟ್ಟಿಲಿಳಿದು ಬರುತ್ತಿದ್ದೆ. ಕೆಳಗಿನ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು, ತಲೆಗೆ ಸುತ್ತಿದ ಕಪ್ಪು ಬುರುಗಾದ ಅಂಚನ್ನು ಕೈಯಲ್ಲಿ ಹಿಂಡುತ್ತ. ಬೆಳಿಗ್ಗೆ ಒಂದು ಹೇಳಿ ಈಗ ಒಂದು ಹೇಳಿದರೆ ಹೇಗೆ, ದೋಣಿ ಹತ್ತಿ ಎರಡನೇ ಸಲ ಬಂದಿದ್ದೇನೆ, ನಾಳೆ ವಿಮಾನ ಎಂದು ಅಂಗಲಾಚುತ್ತಿದ್ದರು. ಸಫಿಯಾದಾತ್ತ ಮೆಲುದನಿಯಲ್ಲಿ ಆಗುವುದಿಲ್ಲ ಎನ್ನುತ್ತಿದ್ದರು. ಒಳಗೆ ಟೀವಿಯ ಮುಂದಿದ್ದ ಇದ್ರೀಸ್‌ಬೇ ಕೂತಲ್ಲಿಂದಲೇ, "ಸ್ವಲ್ಪ ಬಿಟ್ಟುಕೊಡು ಸಫಿಯಾ, ಪಾಪ" ಎಂದರು. "ಇದು ನಿಮಗೆ ತಿಳಿಯೋ ವ್ಯವಹಾರ ಅಲ್ಲ, ಸುಮ್ನಿರಿ" ಎಂದು ಉತ್ತರ ಬಂತು. ಅವರು ಸುಮ್ಮನಾದರು. ನಾನು ಹೊಲಿಗೆ ಕೂಲಿಯ ಜಗಳ ಅಂದುಕೊಂಡು ದಾಟಿ ಹೋದೆ.

ಎರಡು ದಿನದ ಮೇಲೆ ಅವರು ಟೀವಿಯಲ್ಲಿ ಆ ತಿಂಗಳ ಅಂಕಿ ಓದಿದರು. ಅಷ್ಟು ಕೆಳಗೆ ಮೀಸಲು ಇಳಿದದ್ದನ್ನು ನಾನು ಕೇಳಿರಲಿಲ್ಲ. ಮಾರನೆಯ ದಿನ ಬೀದಿಯ ದರ ಇಪ್ಪತ್ತು ಮುಟ್ಟಿತು.

ಮಳೆಗಾಲ ಹಿಡಿದ ಮೇಲೆ ನಾನೇ ಅವರನ್ನು ಶಾಲೆಗೆ ಕರೆದದ್ದು. ಪಾಠದಲ್ಲಿ ವಿದೇಶಿ ವಿನಿಮಯ ಬಂದಿತ್ತು. ಟೀವಿಯಲ್ಲಿ ಕಾಣುವ ಮನುಷ್ಯನೇ ಬಂದು ಹೇಳಿದರೆ ಮಕ್ಕಳು ಕೇಳುತ್ತಾರೆ ಎಂಬ ಆಸೆ ನನಗೆ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಟೈ ಕಟ್ಟಿ ಬಂದರು. ಚೆನ್ನಾಗಿಯೇ ಮಾತಾಡಿದರು. ಅಜ್ಜಿಯ ದ್ವೀಪದಲ್ಲಿ ಮಸೀದಿಯ ಪಕ್ಕ ಮಳೆನೀರಿನ ತೊಟ್ಟಿ ನೋಡಿದ್ದೀರಲ್ಲ, ದೇಶದ ಮೀಸಲೂ ಹಾಗೆಯೇ. ಎಲ್ಲರ ಮಾಡಿನ ನೀರು ಅಲ್ಲಿಗೇ ಬೀಳಬೇಕು. ಬಿಸಿಲು ಕಾಲಕ್ಕೆ ಎಲ್ಲರೂ ಅದನ್ನೇ ಮೊಗೆಯಬೇಕು. ಕೆಲವರು ತಮ್ಮ ಮಾಡಿನ ನೀರನ್ನು ಕೊಡದಲ್ಲಿ ಹಿಡಿದು ಮಂಚದ ಕೆಳಗೆ ಇಟ್ಟುಕೊಂಡರೆ ತೊಟ್ಟಿ ತುಂಬುವುದು ಹೇಗೆ ಎಂದರು. ಮಕ್ಕಳು ತಲೆದೂಗಿದರು.

ಪ್ರಶ್ನೆ ಕೇಳಿ ಎಂದಾಗ ಎರಡನೆಯ ಸಾಲಿನಿಂದ ಯುಮ್ನಾ ಎದ್ದಳು. ಮಾತು ಕಮ್ಮಿಯ ಹುಡುಗಿ. ಅವಳಪ್ಪ ಆದಂ ವಿಲಿಮಾಲೆಯಲ್ಲಿ ಹೆಸರಾದ ಕೆಯೊಳು, ಮೀನುದೋಣಿಯ ಯಜಮಾನ.

"ಸರ್, ಮನೇಲಿ ಡಾಲರ್ ಬಚ್ಚಿಟ್ಕೊಂಡು ಮಾರೋದು ತಪ್ಪು ಅಂದ್ರಲ್ಲ?"

"ತಪ್ಪೇ ಕಣಮ್ಮ. ಕಾನೂನಿಗೂ ತಪ್ಪು, ನೆರೆಯವರಿಗೂ ಅನ್ಯಾಯ."

"ಮತ್ತೆ ನಿಮ್ಮನೇಲಿ ಯಾಕೆ ಮಾರ್ತಾರೆ? ನಮ್ಮಮ್ಮ ನಿಮ್ಮ ಹೆಂಡ್ತಿ ಹತ್ರಾನೇ ತಗೊಂಡಿದ್ದು."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಉಳಿದವರು ನಗಲಿಲ್ಲ. ಯುಮ್ನಾ ಗದರುವ ದನಿಯಲ್ಲಿ ಕೇಳಿರಲಿಲ್ಲ. ಪಾಠದಲ್ಲಿ ಅರ್ಥವಾಗದ್ದನ್ನು ಕೇಳುವ ಹಾಗೆಯೇ ಕೇಳಿದ್ದಳು. ನಾನು ಕೂತುಕೋ ಎಂದೆ. ಇದ್ರೀಸ್‌ಬೇ ಕೈಯೆತ್ತಿ, ಬೇಡ, ಅವಳು ಹೇಳಲಿ ಎಂದರು. ಅವಳು ಹೇಳಿದಳು. ಅಪ್ಪನ ಎರಡು ಕಣ್ಣಿಗೂ ತಿರುವನಂತಪುರದಲ್ಲಿ ಚಿಕಿತ್ಸೆಯಾಗಬೇಕಿತ್ತು. ಬೆಳಿಗ್ಗೆ ಹೇಳಿದ ದರಕ್ಕೆ ಸರಿಯಾಗಿ ಅಮ್ಮ ಬಳೆ ಮಾರಿ ಹಣ ಹೊಂದಿಸಿದ್ದರು. ಸಂಜೆಗೆ ದರ ಏರಿತು. ಸಿಕ್ಕಷ್ಟು ಡಾಲರಿಗೆ ಒಂದೇ ಕಣ್ಣು ಮಾಡಿಸಿಕೊಂಡು ಬಂದರು. ಮತ್ತೆ ಹಣ ಹೊಂದಿಸಿ ಹೋಗುವ ಹೊತ್ತಿಗೆ ಇನ್ನೊಂದು ಕಣ್ಣು ಕೈಬಿಟ್ಟಿತ್ತು.

"ಯಾವತ್ತಮ್ಮ ಅದು?" ಎಂದು ಇದ್ರೀಸ್‌ಬೇ ಕೇಳಿದರು.

"ರಂಜಾನ್‌ಗೆ ಮುಂಚೆ ಸರ್. ಶುಕ್ರವಾರ."

ಅದು ಯಾವ ಶುಕ್ರವಾರವೆಂದು ಅವರಿಗೆ ತಿಳಿಯಿತು. ನನಗೂ ಮೆಟ್ಟಿಲ ಕೆಳಗಿನ ಆ ಹೆಂಗಸು ನೆನಪಾದರು. 'ನನಗೆ ಗೊತ್ತಿರಲಿಲ್ಲ' ಎಂಬ ಮಾತು ಅವರ ನಾಲಿಗೆಯ ತುದಿಗೆ ಬಂದಿತ್ತಂತೆ. ಅದನ್ನು ಆಡಲು ಬಾಯಿ ಏಳಲಿಲ್ಲ ಎಂದು ಆಮೇಲೆ ನನಗೆ ಹೇಳಿದರು. ಬಾಗಿಲಲ್ಲಿ ಬೇಡಿಕೊಂಡ ದನಿಯನ್ನು ಅವರು ಸ್ವಂತ ಕಿವಿಯಿಂದ ಕೇಳಿದ್ದರು, ಪಾಪ ಎಂದಿದ್ದರು, ಮತ್ತೆ ಟೀವಿಯತ್ತ ತಿರುಗಿದ್ದರು. ತರಗತಿಯಲ್ಲಿ ಅವರು ಹೇಳಿದ್ದು ಇಷ್ಟೇ: "ನೀನು ಕೇಳಿದ್ದು ಸರಿ." ಟೈ ಸಡಿಲಿಸಿಕೊಂಡು ಹೊರಗೆ ನಡೆದರು.

ಓದುವುದು ಶಾಸ್ತ್ರ, ಇಕ್ಕುವುದು ಗಾಳ ಎಂಬ ಗಾದೆ ಇದೆಯಲ್ಲ. ಅವತ್ತು ದೋಣಿಯಲ್ಲಿ ಅವರ ಎದುರು ಕೂತಿದ್ದಾಗ ಬೇಡವೆಂದರೂ ಅದೇ ತಲೆಯಲ್ಲಿ ಸುತ್ತುತ್ತಿತ್ತು. ಅವರನ್ನು ಕರೆತಂದು ಆ ಬೆಂಚುಗಳ ಮುಂದೆ ನಿಲ್ಲಿಸಿದವಳು ನಾನಾದ್ದರಿಂದ ಅವರ ಮುಖ ನೋಡುವುದೇ ಕಷ್ಟವಾಗಿತ್ತು. ಮನೆ ತಲುಪಿದಾಗ ನಾನು ಮೆಟ್ಟಿಲ ಕಡೆ ತಿರುಗಿದೆ. ಅವರು ಬಿಡಲಿಲ್ಲ. "ಅಲ್ಲಿ ಕೇಳಿದ್ದೀರಿ ಟೀಚರ್, ಇಲ್ಲಿಯದೂ ಕೇಳಿ" ಎಂದರು.

ಸಫಿಯಾದಾತ್ತ ಹೊಲಿಗೆ ಯಂತ್ರದ ಮುಂದೆ ಕೂತು ಅಂಗಿಗೆ ತೋಳು ಜೋಡಿಸುತ್ತಿದ್ದರು. ನಡೆದದ್ದನ್ನು ಕೇಳಿ ಅಳಲಿಲ್ಲ, ಇಲ್ಲವೆನ್ನಲೂ ಇಲ್ಲ. ನಿಹಾದ್ ಮತ್ತು ಅವನ ಜೊತೆಯ ಹುಡುಗರು ಹೋಟೆಲಿನಲ್ಲಿ ಸಿಕ್ಕ ಭಕ್ಷೀಸಿನ ಡಾಲರನ್ನು ತಂದುಕೊಡುತ್ತಿದ್ದರು. ಮಗಳ ಖರ್ಚಿಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಇವರು ಮಾರುತ್ತಿದ್ದರು. ವರ್ಷಗಳಿಂದ ನಡೆದಿತ್ತು.

"ಲೀನಾ ಫೀಸು ಯಾರು ಕಟ್ತಿದಾರೆ ಅಂದ್ಕೊಂಡಿದ್ರಿ?" ಎಂದು ಕೇಳಿದರು. "ನಿಮ್ಮ ಸಂಬಳ ಬರೋದು ರೂಫಿಯಾದಲ್ಲಿ. ಆ ಕಾಲೇಜಿನೋರು ರೂಫಿಯಾ ಮುಟ್ಟಲ್ಲ. ಬ್ಯಾಂಕಿನ ಕಾರ್ಡಲ್ಲಿ ಸಿಗೋದು ಅವಳ ಊಟಕ್ಕೂ ಸಾಲಲ್ಲ. ಒಂದು ಸಲ ಕೇಳಿದ್ರಾ, ಹೆಂಗೆ ಕಟ್ತಿದ್ದೀಯ ಅಂತ?"

"ಕೇಳ್ಲಿಲ್ಲ."

"ಕೇಳ್ಲಿಲ್ಲ. ಕೇಳಿದ್ರೆ ನಾನು ಹೇಳ್ಬಿಡ್ತಿದ್ದೆ. ಅದಕ್ಕೇ ಕೇಳ್ಲಿಲ್ಲ."

ಇದ್ರೀಸ್‌ಬೇ ಕೊರಳಿನ ಟೈ ಬಿಚ್ಚಿ ಯಂತ್ರದ ಮೇಲಿಟ್ಟರು. ಆಮೇಲೆ, ಅದೆಲ್ಲ ಇರಲಿ, ಬೆಳಿಗ್ಗೆಗೂ ಸಂಜೆಗೂ ದರ ಯಾಕೆ ಏರಿಸಿದೆ, ಆಕೆ ಆಸ್ಪತ್ರೆಗೆ ಎಂದು ಹೇಳಿರಲಿಲ್ಲವೇ ಎಂದರು. ಸಫಿಯಾದಾತ್ತ ಮೊದಲ ಸಲ ತಲೆ ತಗ್ಗಿಸಿದರು.

"ಹೇಳಿದ್ರು. ಆದ್ರೆ ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ನೀವು ಅನ್ನ ಕಲಸ್ತಾ ಹೇಳಿದ್ರಲ್ಲ, ಈ ತಿಂಗಳು ತುಂಬಾ ಇಳಿದಿದೆ, ಭಾನುವಾರ ಹೆಂಗೆ ಓದ್ಲಿ ಅಂತ. ಸೋಮವಾರಕ್ಕೆ ರೇಟು ಏರುತ್ತೆ ಅಂತ ನನಗೆ ಗೊತ್ತಾಯ್ತು. ಮಾರಿದ ಮೇಲೆ ಲೀನಾಗೆ ಮತ್ತೆ ಆ ಹುಡುಗರ ಹತ್ರ ಏರಿದ ರೇಟಿಗೇ ನಾನೂ ಕೊಳ್ಳಬೇಕಿತ್ತು."

ಮನೆಯಲ್ಲಿ ಹಣ ಬಚ್ಚಿಟ್ಟದ್ದು ಒಂದು ನಾಚಿಕೆ. ಇದು ಅದಕ್ಕಿಂತ ಆಳದ್ದು. ಇಡೀ ದೇಶಕ್ಕೆ ಭಾನುವಾರ ತಿಳಿಯಬೇಕಾದ ಅಂಕಿ ಶುಕ್ರವಾರವೇ ಇದ್ರೀಸ್‌ಬೇ ಊಟದ ಮೇಜಿನಿಂದ ಎದ್ದು, ಅವರ ಬಾಗಿಲಲ್ಲೇ ಬೆಲೆಯಾಗಿ ನಿಂತಿತ್ತು. ಹೆಂಡತಿಯನ್ನು ಬೈಯುವ ಹಕ್ಕೂ ಉಳಿಯಲಿಲ್ಲ ಎಂದು ಅವರಿಗೆ ಅನ್ನಿಸಿರಬೇಕು. ಬೈಯಲಿಲ್ಲ.

ಆ ವಾರವೇ ಅವರು ಮೇಲಧಿಕಾರಿಯ ಕೋಣೆಗೆ ಹೋಗಿ, ಪ್ರಕಟವಾಗುವ ಮುಂಚೆ ಮೀಸಲಿನ ವಿಷಯವನ್ನು ಮನೆಯಲ್ಲಿ ಬಾಯಿಬಿಟ್ಟಿದ್ದೆ, ಅದರಿಂದ ಹೀಗೆ ಹೀಗಾಯಿತು ಎಂದು ಹೇಳಿದರು. ಆತ ಇವರಿಗಿಂತ ಕಿರಿಯ, ಇವರ ಕೈಕೆಳಗೇ ಕೆಲಸ ಕಲಿತವನು. ಅವನ ಕಣ್ಣಲ್ಲೇ ನೀರು ಬಂತಂತೆ. ಆದರೆ ಮುಚ್ಚಿಹಾಕುವ ಮಾತಾಡಲಿಲ್ಲ. ವಿಚಾರಣೆ ನಡೆಯಿತು. ನಿವೃತ್ತಿಗೆ ಸ್ವಲ್ಪವೇ ಉಳಿದಿದ್ದಾಗ ಇದ್ರೀಸ್‌ಬೇ ಕೆಲಸ ಬಿಟ್ಟು ಮನೆ ಸೇರಿದರು. ಬೀಳ್ಕೊಡುಗೆಯ ಊಟ ಬೇಡವೆಂದು ಅವರೇ ಹೇಳಿದ್ದರು.

ಲೀನಾಗೆ ಫೋನಿನಲ್ಲಿ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಇನ್ನು ಮುಂದೆ ಕಾರ್ಡಿನಲ್ಲಿ ಬರುವಷ್ಟೇ ಹಣ, ಮಿಕ್ಕಿದ್ದಕ್ಕೆ ಓದಿನ ಜೊತೆ ಏನಾದರೂ ಕೆಲಸ ನೋಡಬೇಕಾಗುತ್ತದೆ ಎಂದು ತಡವರಿಸಿ ಹೇಳಿದರು. ಅವಳು ಆಗಲಿ ಎಂದಳು. ಒಂದು ಗಳಿಗೆ ಬಿಟ್ಟು, "ಅಪ್ಪಾ, ಅಮ್ಮ ಮಾರೋದು ನನಗೆ ಗೊತ್ತಿತ್ತು. ನಿಮಗೂ ಗೊತ್ತಿದೆ, ಗೊತ್ತಿಲ್ಲದ ಹಾಗೆ ಇದ್ದೀರಿ ಅಂದ್ಕೊಂಡಿದ್ದೆ" ಎಂದಳು. ಈ ಮಾತನ್ನು ಇದ್ರೀಸ್‌ಬೇ ನನಗೆ ಎರಡು ಮೂರು ಸಲ ಹೇಳಿದ್ದಾರೆ.

ಕೊನೆಗೊಂದು ದಿನ ವಿಲಿಮಾಲೆಗೆ, ಆದಂ ಕೆಯೊಳು ಮನೆಗೆ ಹೊರಟರು. ದಾರಿ ಗೊತ್ತಿದ್ದ ನನ್ನನ್ನು ಜೊತೆಗೆ ಕರೆದರು. ಸಫಿಯಾದಾತ್ತ ತಾನೂ ಬರುತ್ತೇನೆಂದು ಚಪ್ಪಲಿ ಮೆಟ್ಟಿದವರು ಬಾಗಿಲಲ್ಲೇ ನಿಂತುಬಿಟ್ಟರು. ಇದ್ರೀಸ್‌ಬೇ ಕೈಯಲ್ಲಿ ಏನೂ ಒಯ್ಯಲಿಲ್ಲ. ಏನು ಕೊಂಡುಹೋದರೂ ಬೆಲೆ ಕಟ್ಟಿದ ಹಾಗಾಗುತ್ತದೆ ಎಂದರು.

ಆದಂ ಅಂಗಳದ ಹಗ್ಗದ ಜೋಲಿಯಲ್ಲಿ ಕೂತು ಗಾಳದ ದಾರ ಸಿಕ್ಕು ಬಿಡಿಸುತ್ತಿದ್ದರು. ಒಂದು ಕಣ್ಣು ಬಿಳಿಚಿಕೊಂಡಿತ್ತು. ಟೀವಿಯ ಮುಖವನ್ನು ಗುರುತು ಹಿಡಿದು ಎದ್ದು ನಿಂತರು, ಪಕ್ಕದ ಜೋಲಿಗೆ ಕರೆದು ಕೂರಿಸಿದರು, ಚಹಾಕ್ಕೆ ಕೂಗಿದರು. ಇದ್ರೀಸ್‌ಬೇ ಯಾವುದನ್ನೂ ಬಿಡದೆ ಎಲ್ಲ ಹೇಳಿದರು, ಊಟದ ಮೇಜಿನ ಮಾತನ್ನೂ. ಆದಂ ದಾರದಿಂದ ಕೈ ತೆಗೆಯದೆ ಕೇಳಿದರು.

"ನಿಮ್ಮ ಹೆಂಡ್ತಿ ಕೊಡದಿದ್ರೆ ಇನ್ನೊಬ್ಬಳು ಕೊಡ್ತಿದ್ಳು, ಇನ್ನೂ ಜಾಸ್ತಿಗೆ. ನಮ್ಮ ಹಣೇಲಿ ಅಲ್ಲಾಹು ಬರೆದಿದ್ದು ಅಷ್ಟೇ" ಎಂದರು. ಆಮೇಲೆ ಸ್ವಲ್ಪ ನಕ್ಕು, "ದೇಶದ ಲೆಕ್ಕದ ಹಾಗೇ ಆಯ್ತು ನಂದೂ. ಒಟ್ಟು ಎರಡು, ಕೈಗೆ ಸಿಗೋದು ಒಂದು" ಎಂದರು.

ಅವರು ಕುಹಕವಾಡಿದ್ದಲ್ಲ. ಬಂದವನ ಸಂಕಟ ಕಮ್ಮಿಯಾಗಲಿ ಎಂದೇ ಆಡಿದ ಮಾತು. ಇದ್ರೀಸ್‌ಬೇಗೆ ಅದು ಬಾರುಕೋಲಿನ ಹಾಗೆ ಬಿತ್ತು. ಅವರು ಮುಖ ಮುಚ್ಚಿಕೊಂಡು ಅತ್ತರು. ಅಷ್ಟರಲ್ಲಿ ಆದಂ ಹೆಂಡತಿ ನಸೀಮಾ ಚಹಾ ತಂದಿಟ್ಟರು, ಜೊತೆಗೆ ಮೀನಿನ ಹೂರಣ ತುಂಬಿ ಕರಿದ ಗುಳ್ಳ ಉಂಡೆ. ನಾನು ಬಾಗಿಲಲ್ಲಿ ಕಂಡ ಹೆಂಗಸು ಇವರೇ ಎಂದು ನನಗೆ ಗುರುತು ಸಿಕ್ಕಿತು. ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದವರು ನಿಂತು, ಇದ್ರೀಸ್‌ಬೇ ಕಡೆ ನೋಡದೆ ಹೇಳಿದರು:

"ಇವರು ಕ್ಷಮಿಸ್ಲಿ, ಕಣ್ಣು ಇವರದು. ಆ ಬಾಗಿಲಲ್ಲಿ ನಿಂತೋಳು ನಾನು. ನೀವು ಒಳಗಿಂದ ಪಾಪ ಅಂದಿದ್ದು ಕೇಳಿಸ್ತು. ಎದ್ದು ಬರ್ತೀರಿ ಅಂದ್ಕೊಂಡೆ."

ಆದಂ ದಾರದ ಸಿಕ್ಕಿನ ಮೇಲೆ ಬಗ್ಗಿದರು. ಚಹಾ ಕುಡಿಯದೆ ಏಳುವುದು ಅವಮಾನವಾದೀತೆಂದು ಇದ್ರೀಸ್‌ಬೇ ಕುಡಿದು ಮುಗಿಸಿದರು. ಆ ಲೋಟವನ್ನು ಖಾಲಿ ಮಾಡಲು ಅವರು ಪಟ್ಟ ಪಾಡು ನೋಡಲಾರದೆ ನಾನು ತೆಂಗಿನ ಮರದ ಕಡೆ ನೋಡುತ್ತಿದ್ದೆ.

ಮನೆಯಲ್ಲಿ ಮಾರಾಟ ನಿಂತಿತು. ನಿಹಾದ್ ಸಿಡಿಮಿಡಿಗೊಂಡು, ತನ್ನ ಬೆವರಿನ ಡಾಲರನ್ನು ಅಗ್ಗಕ್ಕೆ ಬ್ಯಾಂಕಿಗೆ ಕೊಡಲು ತಾನೇನು ಹುಚ್ಚನೇ ಎಂದು ಕೇಳಿ, ಬೇರೆ ಕೇರಿಯ ಗೆಳೆಯನ ಮನೆಗೆ ಹೋಗಿ ಇಳಿಯತೊಡಗಿದ. ಸಫಿಯಾದಾತ್ತ ಉಳಿದಿದ್ದನ್ನು ಬ್ಯಾಂಕಿಗೆ ಕಟ್ಟಿ, ಮದುವೆ ಬಟ್ಟೆಗಳ ಹೊಲಿಗೆ ಹೆಚ್ಚಿಸಿಕೊಂಡರು. ಗಂಡಹೆಂಡಿರ ನಡುವೆ ಜಗಳವಿರಲಿಲ್ಲ, ಮಾತೂ ಹೆಚ್ಚಿರಲಿಲ್ಲ. ಚಹಾದಂಗಡಿಯವರು ಇದ್ರೀಸ್‌ಬೇಯನ್ನು ಕೆಣಕುವುದು ಬಿಟ್ಟರು. ಅವರು ಬಂದರೆ ಮಾತು ನಿಲ್ಲುತ್ತಿತ್ತು, ಯಾರಾದರೂ ಮರ್ಯಾದೆಯಿಂದ ಜಾಗ ಬಿಡುತ್ತಿದ್ದರು. ಅದನ್ನು ತಡೆಯಲಾರದೆ ಅವರು ಆ ಬೀದಿಯನ್ನೇ ಬಿಟ್ಟು ಬಳಸುದಾರಿ ಹಿಡಿದರು. ಟೀವಿಯಲ್ಲಿ ಈಗ ಬೇರೊಬ್ಬಳು ಅಂಕಿ ಓದುತ್ತಾಳೆ. ಮೀಸಲು ಒಂದಿಷ್ಟು ಚೇತರಿಸಿಕೊಂಡಿದೆ ಎಂದು ಅವಳು ಹೇಳಿದ ದಿನ ಇದ್ರೀಸ್‌ಬೇ ಕೇಳಿಸಿಕೊಂಡು, ಒಳ್ಳೆಯದಾಯಿತು ಎಂದು ಎದ್ದು ಹೋದರು.

ಮರುವರ್ಷ ಒಂದು ಬೆಳಿಗ್ಗೆ ವಿಲಿಮಾಲೆಯ ದೋಣಿಯಲ್ಲಿ ಅವರೂ ಇದ್ದರು, ಅಲ್ಲಿಯ ನೆಂಟರ ಮನೆಯ ಸಾವಿಗೆ ಹೊರಟಿದ್ದರು. ದೋಣಿ ತುಂಬಿತ್ತು. ಒಂದೇ ಜಾಗ ಉಳಿದಿತ್ತು, ನಸೀಮಾ ಪಕ್ಕದಲ್ಲಿ. ಆಕೆ ಇವರನ್ನು ನೋಡಿದರು. ಬಾಳೆಹಣ್ಣಿನ ಚೀಲವನ್ನು ಆ ಜಾಗದಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಕಡಲಿನ ಕಡೆ ತಿರುಗಿದರು. ಇದ್ರೀಸ್‌ಬೇ ಸಲಾಂ ಹೇಳಿದರು. ಆಕೆ ಮೆಲ್ಲಗೆ ಮರುಸಲಾಂ ಹೇಳಿದರು. ಅವರು ಕೂರಲಿಲ್ಲ. ದೋಣಿ ಆಚೆ ದಡ ಮುಟ್ಟುವವರೆಗೆ ಕಂಬ ಹಿಡಿದು ನಿಂತೇ ಇದ್ದರು. ಆ ಜಾಗ ಖಾಲಿಯೇ ಉಳಿಯಿತು.